ಓದುಗರ ಪ್ರಶ್ನೆ: ಆಫ್ರಿಕಾದ ಸಫಾರಿಗೆ ಹೊರಟವರಿಗೆ

ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ನಮೀಬಿಯಾ ಕಡೆಯ ಕಾಡು ನೋಡಲು ಹೊರಟವರಿಂದ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನವು ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರವು. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ನಾವು ಐದು ಜನ, ಎಲ್ಲರೂ ಶಾಕಾಹಾರಿಗಳು. ಅಮ್ಮನಿಗೆ ದಿನಕ್ಕೊಮ್ಮೆ ರೊಟ್ಟಿ ಬೇಕೇ ಬೇಕು. ಅಲ್ಲಿ ಬರೀ ಮಾಂಸದೂಟ ಅಂತ ಹೇಳುತ್ತಾರೆ. ಹತ್ತು ದಿನ ಹೇಗೆ ಕಳೆಯುವುದು? ಏನೇನು ಕಟ್ಟಿಕೊಂಡು ಹೋಗಬೇಕು? (ಸಿಂಧನೂರು)

ಜೋಳ, ಸಜ್ಜೆ ತಿಂದು ಬೆಳೆದವರು ಅಲ್ಲಿ ಉಪವಾಸ ಬೀಳುವುದಿಲ್ಲ. ಬೋಟ್ಸ್ವಾನಾದ ಮನೆಮನೆಯ ಊಟವಾದ ಬೊಗೊಬೆ ಜೋಳದ ಹಿಟ್ಟಿನದು. ನಮ್ಮ ಸಂಗಟಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ಹಿಟ್ಟನ್ನು ನೀರಲ್ಲಿ ಕಲಸಿ ಹುಳಿ ಬರಿಸಿ ಮಾಡಿದರೆ ಅದು ಟಿಂಗ್. ಅಂಬಲಿ ಕುಡಿದು ಗೊತ್ತಿರುವ ನಾಲಿಗೆಗೆ ಅದರ ಹುಳಿ ಹೊಸದಲ್ಲ. ಉತ್ತರ ನಮೀಬಿಯಾದಲ್ಲಿ ಸಜ್ಜೆಯನ್ನು ಮಹಾಂಗು ಎನ್ನುತ್ತಾರೆ, ಅದರ ಗಟ್ಟಿ ಮುದ್ದೆ ಅಲ್ಲಿಯ ದಿನದೂಟ. ದಕ್ಷಿಣ ಆಫ್ರಿಕಾದಲ್ಲಿ ಎಲ್ಲೆಲ್ಲೂ ಸಿಗುವ ಪಾಪ್ ಬಿಳಿ ಮೆಕ್ಕೆಜೋಳದ ಹಿಟ್ಟಿನದು. ಅದರ ಜೊತೆಗೆ ಚಕಲಕ ಕೇಳಿ. ಈರುಳ್ಳಿ, ಟೊಮ್ಯಾಟೊ, ಗಜ್ಜರಿ, ದೊಣ್ಣೆ ಮೆಣಸಿನಕಾಯಿ, ಬೀನ್ಸ್ ಕಾಳು, ಮಸಾಲೆಪುಡಿ ಹಾಕಿದ ಖಾರದ ಪಲ್ಯ ಅದು. ಅಂಗಡಿಗಳಲ್ಲಿ ಡಬ್ಬಿಯಲ್ಲೂ ಸಿಗುತ್ತದೆ. ಮೊರೊಗೊ ಎಂದರೆ ಸೊಪ್ಪಿನ ಪಲ್ಯ, ರಾಜಗಿರಿಯಂಥ ಕಾಡುಸೊಪ್ಪುಗಳದು.

ಎಡವುವುದು ಬೇರೆ ಕಡೆ. ನುಚ್ಚಿನಂತೆ ಒಡೆದ ಮೆಕ್ಕೆಜೋಳಕ್ಕೆ ಅಲಸಂದಿ ಅಥವಾ ಬೀನ್ಸ್ ಕಾಳು ಹಾಕಿ ಬೇಯಿಸುವ ಸ್ಯಾಂಪ್ ನೋಡಲು ಪೂರ್ತಿ ಶಾಕಾಹಾರ. ಆದರೆ ಎಷ್ಟೋ ಅಡುಗೆಮನೆಗಳಲ್ಲಿ ಅದಕ್ಕೆ ಮೂಳೆ ಬೀಳುತ್ತದೆ. ತರಕಾರಿ ಸೂಪಿಗೆ ಕೋಳಿಯ ಸಾರು ಬೆರೆಸುವುದೂ ಸಾಮಾನ್ಯ. ಆದ್ದರಿಂದ ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಬಿಡಬೇಡಿ. ಲಾಡ್ಜ್ ಕಾದಿರಿಸುವಾಗಲೇ ಇಮೇಲಿನಲ್ಲಿ ಬಿಡಿಸಿ ಬರೆಯಿರಿ: ಮಾಂಸ, ಮೀನು, ಕೋಳಿ, ಮೂಳೆ ಬೇಯಿಸಿದ ಸಾರು, ಜೆಲಾಟಿನ್ (ಪ್ರಾಣಿಯ ಮೂಳೆ, ಚರ್ಮದಿಂದ ತೆಗೆದ ಅಂಟು) ಬೇಡ, ಹಾಲು, ಮೊಸರು ಆಗುತ್ತದೆ, ಮೊಟ್ಟೆ ಆಗುತ್ತದೋ ಇಲ್ಲವೋ. ಕಾಡಿನೊಳಗಿನ ಲಾಡ್ಜ್‌ಗಳಿಗೆ ಸಾಮಾನು ದೂರದಿಂದ ಬರುತ್ತದೆ, ಹೋದ ದಿನ ಹೇಳಿದರೆ ನಿಮಗೆ ಸಿಗುವುದು ಬೇಯಿಸಿದ ಆಲೂಗಡ್ಡೆ ಮತ್ತು ಸಲಾಡ್ ಮಾತ್ರ. ಕೆಂಡದ ಮೇಲೆ ಸುಡುವ ಬ್ರಾಯ್ ಊಟದಲ್ಲಿ ಎಲ್ಲರದೂ ಒಂದೇ ಜಾಲರಿ. ನಿಮ್ಮ ಮುಸುಕಿನ ತೆನೆ, ಗೆಣಸನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಬೇರೆ ಇಡಲು ಹೇಳಿ.

ಅಮ್ಮನ ರೊಟ್ಟಿಯ ವಿಷಯ. ಅಲ್ಲಿಯ ಅಂಗಡಿಗಳಲ್ಲಿ ಮಬೆಲೆ ಎಂಬ ಜೋಳದ ಹಿಟ್ಟು ಸಿಗುತ್ತದೆ, ಅದನ್ನು ನಂಬಿ ರೊಟ್ಟಿಗೆ ಕೂರಬೇಡಿ. ಅದು ಬಹುಪಾಲು ಕೆಂಪು ಜೋಳದ್ದು, ಗಂಜಿಗೆಂದು ತರಿಯಾಗಿ ಬೀಸಿದ್ದು. ನಾದಿದರೆ ಜಿಗಿ ಬರುವುದಿಲ್ಲ, ತಟ್ಟುವಾಗಲೇ ಅಂಚು ಬಿರಿಯುತ್ತದೆ. ಗಂಜಿಗಾದರೆ ಬಹಳ ಚೆನ್ನ: ಒಂದು ಬಟ್ಟಲು ಹಿಟ್ಟನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಮೂರು ಬಟ್ಟಲು ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ರೊಟ್ಟಿಗೆ ಮನೆಯಿಂದಲೇ ಖಡಕ್ ರೊಟ್ಟಿ ಒಯ್ಯಿರಿ. ಚೆನ್ನಾಗಿ ಒಣಗಿಸಿ ಗಟ್ಟಿ ಡಬ್ಬಿಯಲ್ಲಿ ಇಟ್ಟರೆ ಹತ್ತು ದಿನಕ್ಕೆ ಏನೂ ಆಗದು. ಜೊತೆಗೆ ಶೇಂಗಾ ಮತ್ತು ಗುರೆಳ್ಳು ಪುಡಿ. ಮೊಸರಿನ ಜಾಗಕ್ಕೆ ಅಲ್ಲಿಯ ಅಮಾಸಿ ಕೊಳ್ಳಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುವ ಗಟ್ಟಿ ಹುಳಿಹಾಲು. ಚಟ್ನಿಪುಡಿಗೆ ಇಷ್ಟು ಹೊಂದುವ ಪದಾರ್ಥ ಪರದೇಶದಲ್ಲಿ ಸಿಗುವುದು ಅಪರೂಪ.

ತುಪ್ಪ, ಪೇಡೆ, ಜೇನು, ಹಸಿ ಕಾಳು, ಬೀಜ, ಹಣ್ಣು ಕಟ್ಟಬೇಡಿ. ಹಾಲಿನ ಪದಾರ್ಥ, ಜೇನು, ಬೀಜಗಳಿಗೆ ಅಲ್ಲಿ ಪರವಾನಗಿ ಕೇಳುತ್ತಾರೆ. ಉಳಿದದ್ದನ್ನು ಮುಚ್ಚಿದ ಪೊಟ್ಟಣದಲ್ಲಿಟ್ಟು, ಹೆಸರು ಬರೆದು, ಕಸ್ಟಮ್ಸ್‌ನಲ್ಲಿ ಕೇಳುವ ಮೊದಲೇ ಹೇಳಿಬಿಡಿ.

ಊಟವೇ ದೊಡ್ಡ ಚಿಂತೆ ಎನ್ನುವವರಿಗೆ ನಮ್ಮ ಸಲಹೆ ಡರ್ಬನ್. 1860ರಿಂದ ಭಾರತದ ಕೂಲಿಕಾರರು ಕಬ್ಬಿನ ತೋಟಗಳಿಗೆ ಬಂದಿಳಿದ ಊರು. ಬ್ರೆಡ್ಡಿನ ತಿರುಳು ತೆಗೆದು ಒಳಗೆ ಪಲ್ಯ ತುಂಬುವ ಬನ್ನಿ ಚೌ ಅಲ್ಲಿಯದು, ಅದರಲ್ಲಿ ಬೀನ್ಸ್ ಕಾಳಿನದು ಶಾಕಾಹಾರ. ‘ಕ್ವಾರ್ಟರ್’ ಎಂದರೆ ಕಾಲು ಬ್ರೆಡ್, ಒಬ್ಬರಿಗೆ ಅಷ್ಟೇ ಸಾಕು. ಅಲ್ಲಿಂದ ಉತ್ತರಕ್ಕೆ ಮೂರು ತಾಸಿನ ಹಾದಿಯಲ್ಲಿ ಹ್ಲುಹ್ಲುವೆ-ಇಮ್ಫೊಲೊಜಿ ಕಾಡಿದೆ. 1895ರಿಂದ ರಕ್ಷಿತ. ಅಳಿವಿನಂಚಿಗೆ ಹೋಗಿದ್ದ ಬಿಳಿ ಖಡ್ಗಮೃಗ ಉಳಿದುಕೊಂಡು ಬೇರೆ ಕಾಡುಗಳಿಗೆ ಹರಡಿದ್ದು ಇಲ್ಲಿಂದಲೇ.

ಪ್ರಶ್ನೆ: ಮಕ್ಕಳಿಗೆ ರಜೆ ಇರುವುದು ಏಪ್ರಿಲ್-ಮೇ ಮತ್ತು ದಸರೆಗೆ. ಯಾವುದು ಒಳ್ಳೆಯದು? (ಬಳ್ಳಾರಿ)

ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನ ಕಡೆಗೆ ಹೋಗುವುದಾದರೆ ದಸರೆ. ಅಲ್ಲಿ ಮಳೆಗಾಲ ನವೆಂಬರಿನಿಂದ ಮಾರ್ಚ್. ಏಪ್ರಿಲಿನಲ್ಲಿ ಹುಲ್ಲು ಇನ್ನೂ ಆಳುದ್ದ, ನೀರು ಎಲ್ಲೆಲ್ಲೂ ನಿಂತಿರುತ್ತದೆ, ಪ್ರಾಣಿಗಳು ಚದುರಿರುತ್ತವೆ. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಹುಲ್ಲು ಒಣಗಿ, ಹಳ್ಳಗಳು ಬತ್ತಿ, ಉಳಿದ ನೀರಿನ ಹತ್ತಿರ ಎಲ್ಲವೂ ಸೇರುತ್ತವೆ. ಬಿಸಿಲು 35 ಡಿಗ್ರಿ ದಾಟುವುದುಂಟು, ಬಳ್ಳಾರಿಯವರಿಗೆ ಅದೇನೂ ಅಂಜಿಕೆಯಲ್ಲ. ಅಂಜಬೇಕಾದದ್ದು ಜೂನ್-ಜುಲೈನ ಬೆಳಗಿನ ಚಳಿಗೆ. ಚಳಿ ನೋಡದ ನಮ್ಮ ಸೀಮೆಯವರು ತೆಳು ಸ್ವೆಟರ್ ಹಾಕಿಕೊಂಡು ತೆರೆದ ಜೀಪಿನಲ್ಲಿ ಕೂತು, ಅರ್ಧ ತಾಸಿಗೇ ವಾಪಸ್ ಹೋಗೋಣ ಎನ್ನುತ್ತಾರೆ. ಆ ತಿಂಗಳುಗಳಿಗೆ ಟೊಪ್ಪಿಗೆ, ಕೈಗವಸು, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು.

ಇಡೀ ಭಾಗಕ್ಕೆ ಒಂದೇ ಋತು ಎಂದು ತಿಳಿಯಬೇಡಿ. ಕೇಪ್‌ಟೌನಿಗೆ ಮಳೆ ಬರುವುದು ಜೂನ್-ಆಗಸ್ಟಿನಲ್ಲಿ. ಬೋಟ್ಸ್ವಾನಾದ ಒಕವಾಂಗೊ ಮುಖಜಭೂಮಿ ತುಂಬುವುದೂ ಅದೇ ತಿಂಗಳುಗಳಲ್ಲಿ, ಆಗ ಅಲ್ಲಿ ಮಳೆಯಿಲ್ಲದಿದ್ದರೂ, ಏಕೆಂದರೆ ಅಂಗೋಲಾದ ಬೆಟ್ಟಗಳಲ್ಲಿ ಸುರಿದ ನೀರು ಹರಿದು ಬರಲು ತಿಂಗಳುಗಳೇ ಹಿಡಿಯುತ್ತವೆ. ವಿಕ್ಟೋರಿಯಾ ಜಲಪಾತ ದಸರೆಯಲ್ಲಿ ಸೊರಗಿರುತ್ತದೆ, ಜಾಂಬಿಯಾ ಕಡೆಯ ಬಂಡೆ ಬಹುಪಾಲು ಒಣಗಿರುತ್ತದೆ. ಜಲಪಾತಕ್ಕಾಗಿಯೇ ಹೋಗುವವರಿಗೆ ಏಪ್ರಿಲ್-ಮೇ ರಜೆಯೇ ಸರಿ.

ಪ್ರಶ್ನೆ: ಅಪ್ಪನಿಗೆ 64 ವರ್ಷ, ಬಿಪಿ ಮತ್ತು ಸಕ್ಕರೆ ಕಾಯಿಲೆ ಇದೆ. ‘ವೆಲ್‌ನೆಸ್ ಸಫಾರಿ’ ಎಂದು ಏಜೆಂಟ್ ಹೆಚ್ಚು ದುಡ್ಡು ಹೇಳುತ್ತಾರೆ. ಅದರಲ್ಲಿ ಏನಿರುತ್ತದೆ? ಮಲೇರಿಯಾ ಮಾತ್ರೆ ಬೇಕೇ? ನಮ್ಮ ಊರಲ್ಲೇ ಮಲೇರಿಯಾ ಬಂದು ಹೋಗಿದೆಯಲ್ಲ? (ಗಂಗಾವತಿ)

ಕೊನೆಯದು ಮೊದಲು. ಇಲ್ಲಿ ಮಲೇರಿಯಾ ಬಂದು ಹೋಗಿದ್ದರೆ ಅಲ್ಲಿಯದಕ್ಕೆ ತಡೆ ಸಿಗುವುದಿಲ್ಲ. ಅಲ್ಲಿ ಹೆಚ್ಚಾಗಿ ಇರುವುದು ಫಾಲ್ಸಿಪಾರಂ, ಚಿಕಿತ್ಸೆ ತಡವಾದರೆ ಜೀವ ತೆಗೆಯುವ ಜಾತಿ. ಕ್ಲೋರೊಕ್ವಿನ್ ಅದಕ್ಕೆ ನಾಟುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಬರೆಯುವುದು ಎರಡರಲ್ಲಿ ಒಂದು. ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ ಹೋಗುವ ಒಂದೆರಡು ದಿನ ಮೊದಲು ಶುರು, ಮಲೇರಿಯಾ ಸೀಮೆ ಬಿಟ್ಟ ಮೇಲೆ ಏಳು ದಿನ. ಹಾಲು ಅಥವಾ ಜಿಡ್ಡಿನ ಊಟದ ಜೊತೆ ನುಂಗಿದರೇ ಮೈಗೆ ಹತ್ತುತ್ತದೆ. ಡಾಕ್ಸಿಸೈಕ್ಲಿನ್ ಅದಕ್ಕೆ ತಿರುಗುಮುರುಗು: ಹಾಲಿನ ಜೊತೆ ನುಂಗಬಾರದು, ತುಂಬ ನೀರು ಕುಡಿಯಬೇಕು, ನುಂಗಿದ ಕೂಡಲೇ ಮಲಗಬಾರದು, ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಮತ್ತು ಮಲೇರಿಯಾ ಸೀಮೆ ಬಿಟ್ಟ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಊರಿಗೆ ಬಂದ ಮೇಲೆ ಹಲವರು ಇದನ್ನೇ ನಿಲ್ಲಿಸಿಬಿಡುತ್ತಾರೆ, ಜ್ವರ ಬರುವುದೂ ಆಗಲೇ. ಅಪ್ಪನ ಉಳಿದ ಮಾತ್ರೆಗಳ ಚೀಟಿ ತೋರಿಸಿ ವೈದ್ಯರಿಂದಲೇ ಬರೆಸಿಕೊಳ್ಳಿ. ವಾಪಸಾದ ಮೂರು ತಿಂಗಳೊಳಗೆ ಜ್ವರ ಬಂದರೆ ‘ಆಫ್ರಿಕಾಕ್ಕೆ ಹೋಗಿದ್ದೆ’ ಎಂದು ಮೊದಲ ಮಾತಿಗೇ ಹೇಳಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆಯ ಗೋಜೇ ಬೇಡ ಎಂದರೆ ದಕ್ಷಿಣ ಆಫ್ರಿಕಾದ ಪಿಲಾನೆಸ್ಬರ್ಗ್, ಮಡಿಕ್ವೆ, ಆಡೊ ಕಾಡುಗಳಲ್ಲಿ ಮಲೇರಿಯಾ ಇಲ್ಲ. ಅಪ್ಪನ ಮಟ್ಟಿಗೆ ನಾವು ಇವನ್ನೇ ಆರಿಸುತ್ತೇವೆ.

ಇನ್ನು ‘ವೆಲ್‌ನೆಸ್’. ಬೆಳಗಿನ ಜಾವ ಐದಕ್ಕೆ ಎದ್ದು ಮೂರು ನಾಲ್ಕು ತಾಸು ಕಾಡು, ಬಂದು ತಿಂಡಿ, ಮಧ್ಯಾಹ್ನ ವಿಶ್ರಾಂತಿ, ನಾಲ್ಕಕ್ಕೆ ಮತ್ತೆ ಕಾಡು: ಯಾವ ಸಫಾರಿಯ ದಿನಚರಿಯೂ ಇದೇ. ಅದಕ್ಕೆ ಯೋಗ, ಮರುಲಾ ಎಣ್ಣೆಯ ಮಾಲೀಸು, ಕೆಫೀನಿಲ್ಲದ ರೂಯ್‌ಬೋಸ್ ಚಹಾ ಸೇರಿಸಿ ಬೆಲೆ ಏರಿಸುತ್ತಾರೆ. ಮೈಮನಸ್ಸಿಗೆ ನಿಜವಾಗಿ ಹಿತ ಕೊಡುವುದು ಒಂದೇ ಜಾಗದಲ್ಲಿ ಮೂರು ರಾತ್ರಿ ನಿಲ್ಲುವುದು. ದಿನಕ್ಕೊಂದು ಊರು ಸುತ್ತಿಸುವ ಪಟ್ಟಿಗೆ ‘ವೆಲ್‌ನೆಸ್’ ಎಂದು ಹೆಸರಿಟ್ಟಿದ್ದರೆ ದುಡ್ಡು ಕೊಡಬೇಡಿ.

ಅಪ್ಪನಿಗೆ ಮುಖ್ಯವಾದದ್ದು ತಿಂಡಿಯ ಹೊತ್ತು. ಸಕ್ಕರೆ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಜೀಪು ಹತ್ತಿದರೆ ಕಾಡಿನ ನಡುವೆ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗುತ್ತದೆ. ಹೊರಡುವ ಮುಂಚೆ ಗಟ್ಟಿಯಾಗಿ ಏನಾದರೂ ತಿನ್ನಬೇಕು, ಜೇಬಿನಲ್ಲಿ ಗ್ಲೂಕೋಸ್ ಇರಬೇಕು, ಮಾತ್ರೆಯ ಹೊತ್ತನ್ನು ವೈದ್ಯರಲ್ಲಿ ಕೇಳಿ ಬದಲಿಸಿಕೊಳ್ಳಬೇಕು. ಇನ್ಸುಲಿನ್ ಇದ್ದರೆ ತಂಪು ಚೀಲದಲ್ಲಿಡಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಗೈಡ್‌ಗೆ ಮೊದಲೇ ತಿಳಿಸಿ. ಪೊದೆಯ ಸುತ್ತ ನೋಡಿ ಖಾತ್ರಿ ಮಾಡಿಕೊಂಡ ಮೇಲೇ ಅವರು ಇಳಿಸುವುದು. ಸಂಕೋಚಪಟ್ಟು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ, ಆ ಬಿಸಿಲಿಗೆ ಅದು ಅಪಾಯ. ದೂರದ ವಿಮಾನ ಪ್ರಯಾಣ ಮುಗಿಸಿದಾಗ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಮಾಲೀಸಿಗೆ ಒಡ್ಡಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಮೊದಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕ್ರೂಗರಿನಲ್ಲಿ ನಾವೇ ಕಾರು ಓಡಿಸಬಹುದಂತೆ. ಆನೆ ಅಡ್ಡ ಬಂದರೆ ಏನು ಮಾಡಬೇಕು? (ರಾಯಚೂರು)

ಓಡಿಸಬಹುದು. ನಮ್ಮಂತೆಯೇ ಅಲ್ಲೂ ರಸ್ತೆಯ ಎಡಬದಿಯ ಓಡಾಟ. ಲೈಸೆನ್ಸಿನ ಜೊತೆ ಅಂತರರಾಷ್ಟ್ರೀಯ ಪರವಾನಗಿ ಆರ್‌ಟಿಓ ಕಚೇರಿಯಲ್ಲಿ ಮಾಡಿಸಿಕೊಳ್ಳಿ. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣಿನ ರಸ್ತೆಯಲ್ಲಿ 40 ಕಿ.ಮೀ. ಮೀರುವಂತಿಲ್ಲ. ನಿಂತು ನೋಡುತ್ತ ಹೋಗುವಾಗ ಸರಾಸರಿ 25ರಂತೆ ಲೆಕ್ಕ ಹಾಕಿ. ಕಾಡಿನೊಳಗಿನ ಸ್ಕುಕುಜಾ ಶಿಬಿರದಿಂದ ಸತಾರಾ ಶಿಬಿರಕ್ಕೆ 90 ಕಿ.ಮೀ. ಚಿಲ್ಲರೆ, ಎರಡು ತಾಸು ಎಂದುಕೊಂಡು ಹೊರಟವರಿಗೆ ಗೇಟು ಮುಚ್ಚುವ ಹೊತ್ತಾಗಿ ದಂಡ ಬೀಳುತ್ತದೆ. ಗುರುತು ಮಾಡಿದ ಜಾಗ ಬಿಟ್ಟು ಕಾರಿನಿಂದ ಇಳಿಯುವಂತಿಲ್ಲ, ಕಿಟಕಿಯಿಂದ ಕೈ ತಲೆ ಹೊರಗೆ ಹಾಕುವಂತಿಲ್ಲ.

ಆನೆ ಕಂಡ ಕೂಡಲೇ ಐವತ್ತು ಮೀಟರಿಗೂ ಹೆಚ್ಚು ದೂರದಲ್ಲಿ ನಿಲ್ಲಿ, ಎಂಜಿನ್ ಆರಿಸಬೇಡಿ, ಹಿಂದೆ ಸರಿಯಲು ಜಾಗ ಇರಲಿ. ಹಿಂದಿನ ಕಾರು ಅಂಟಿಕೊಂಡು ನಿಂತರೆ ಕೈಸನ್ನೆ ಮಾಡಿ ಸರಿಸಿ. ಗಂಡಾನೆಯ ಕೆನ್ನೆಯನ್ನು ನೋಡಿ. ಕಣ್ಣಿಗೂ ಕಿವಿಗೂ ನಡುವಿನಿಂದ ಎಣ್ಣೆಯಂಥ ದ್ರವ ಇಳಿದು ಕಪ್ಪು ಪಟ್ಟೆಯಾಗಿದ್ದರೆ, ಹಿಂಗಾಲು ಮೂತ್ರದಿಂದ ತೊಯ್ದಿದ್ದರೆ ಅದಕ್ಕೆ ಮದ ಬಂದಿದೆ. ಕಾಯಬೇಡಿ, ಆಗಲೇ ಹಿಂದೆ ಸರಿಯಿರಿ. ಮರಿಯಿರುವ ಹಿಂಡಿನ ನಡುವೆ ನುಗ್ಗಬೇಡಿ. ಒಂದು ಕಡೆ ತಾಯಿ, ಇನ್ನೊಂದು ಕಡೆ ಮರಿ ಉಳಿದರೆ ಕೆಲಸ ಕೆಟ್ಟಿತು. ಕಿವಿ ಅಗಲಿಸಿ, ತಲೆ ಎತ್ತಿ, ದೂಳೆಬ್ಬಿಸಿ ಬರುವುದು ಹೆಚ್ಚಾಗಿ ಹೆದರಿಸಲು. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಸುತ್ತಿ, ಸದ್ದಿಲ್ಲದೆ ಬಂದರೆ ಅದು ನಿಜವಾದ ದಾಳಿ. ಹಾರ್ನ್ ಬೇಡ, ಎಂಜಿನ್ ರೇಸ್ ಮಾಡುವುದು ಬೇಡ. ಹೆಡ್‌ಲೈಟ್ ಮಿನುಗಿಸುವುದೂ ಬೇಡ.

ಕೋತಿಗಳ ವಿಷಯಕ್ಕೆ ಅಂಜನಾದ್ರಿ ಬೆಟ್ಟ ಹತ್ತಿದವರಿಗೆ ಹೇಳಬೇಕಿಲ್ಲ. ಅಲ್ಲಿಯ ಬಬೂನ್ ಕಾರಿನ ಬಾಗಿಲನ್ನೂ ತೆರೆಯುತ್ತದೆ, ಲಾಕ್ ಮಾಡಿಡಿ. ಖಡ್ಗಮೃಗದ ಫೋಟೊ ತೆಗೆಯುವ ಮುಂಚೆ ಫೋನಿನ ಲೊಕೇಷನ್ ಆಫ್ ಮಾಡಿ. ಫೋಟೊದಲ್ಲಿ ಉಳಿಯುವ ಜಾಗದ ಗುರುತು ಬೇಟೆಗಾರರಿಗೆ ದಾರಿ ತೋರಿಸುತ್ತದೆ.

ಪ್ರಶ್ನೆ: ಸಿಂಹದ ಮರಿ ಎತ್ತಿಕೊಂಡು ಫೋಟೊ ತೆಗೆಸುವ ಕಡೆ ಮಕ್ಕಳನ್ನು ಕರೆದೊಯ್ಯಬಹುದೇ? (ಕುಷ್ಟಗಿ)

ಬೇಡ. ಕೈಯಲ್ಲಾಡಿದ ಮರಿ ಕಾಡಿಗೆ ಮರಳಲಾರದು. ದೊಡ್ಡದಾದ ಮೇಲೆ ಎಷ್ಟೋ ಬೇಲಿಯೊಳಗೆ ದುಡ್ಡು ಕೊಟ್ಟು ಹೊಡೆಯುವ ಬೇಟೆಗೆ, ಮೂಳೆಯ ವ್ಯಾಪಾರಕ್ಕೆ ಹೋಗಿವೆ. ಸಿಂಹವನ್ನು ಹೀಗೆ ಸಾಕುವುದನ್ನು ನಿಲ್ಲಿಸುವುದಾಗಿ ದಕ್ಷಿಣ ಆಫ್ರಿಕಾ ಸರ್ಕಾರವೇ 2021ರಲ್ಲಿ ಹೇಳಿದೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಅದಿದ್ದರೆ ತೆಗೆಸಿ. ಸಿಂಹದ ಜೊತೆ ನಡಿಗೆ, ಆನೆ ಸವಾರಿಯನ್ನೂ ತೆಗೆಸಿ.

ಪ್ರಶ್ನೆ: ಚಾರ್ಜರ್, ಬ್ಯಾಗು, ಬಟ್ಟೆ, ದುರ್ಬೀನು? (ಕಂಪ್ಲಿ, ಮಾನ್ವಿ, ಕೊಪ್ಪಳ)

ದಕ್ಷಿಣ ಆಫ್ರಿಕಾದ ಹಳೆಯ ಸಾಕೆಟ್ಟಿಗೆ ನಮ್ಮ ಗೀಸರಿನ ದೊಡ್ಡ ಮೂರು ಪಿನ್ನಿನ ಪ್ಲಗ್ಗೇ ಕೂರುತ್ತದೆ. ಆ ಪಿನ್ನಿನ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ದರೆ ಮನೆಯವರೆಲ್ಲರ ಫೋನ್ ಚಾರ್ಜ್ ಆಗುತ್ತದೆ. ಬೋಟ್ಸ್ವಾನಾದಲ್ಲಿ ಸಣ್ಣ ವಿಮಾನ ಹತ್ತುವುದಿದ್ದರೆ ಗಾಲಿಯಿಲ್ಲದ ಮೆತ್ತನೆ ಚೀಲ, ಕ್ಯಾಮೆರಾ ಸೇರಿ 15ರಿಂದ 20 ಕೆ.ಜಿ. ಮಾತ್ರ. ಮಿಲಿಟರಿ ಚಿತ್ತಾರದ ಬಟ್ಟೆ ಬೇಡ, ಜಿಂಬಾಬ್ವೆ, ಜಾಂಬಿಯಾಗಳಲ್ಲಿ ಅದು ಕಾನೂನಿಗೆ ವಿರುದ್ಧ. ನೀಲಿ, ಕಪ್ಪು ಬಣ್ಣಕ್ಕೆ ಕಚ್ಚುವ ಸೆಟ್ಸೆ ನೊಣ ಮುತ್ತುತ್ತದೆ. ಮಣ್ಣಿನ ಬಣ್ಣ ಒಳ್ಳೆಯದು.

ದುರ್ಬೀನು 8x42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಅಗಲದ ಗಾಜಿನದು) ಇರಲಿ, ಮನೆಗೊಂದಲ್ಲ, ಇಬ್ಬರಿಗೊಂದು. ಕೊಂಡ ಮೇಲೆ ದರೋಜಿ ಕರಡಿಧಾಮಕ್ಕೆ ಒಮ್ಮೆ ಹೋಗಿ. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರದಲ್ಲಿ ಎರಡು ತಾಸು ಮಾತಿಲ್ಲದೆ ಕೂತು, ಎದುರಿನ ಬಂಡೆಯ ಮೇಲೆ ಕರಡಿ ಬಂದಾಗ ಒಂದೇ ಸಲಕ್ಕೆ ಕಣ್ಣಿಗೆ ಸಿಗುವಂತೆ ದುರ್ಬೀನು ಎತ್ತುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ. ಅಲ್ಲಿ ಬಂಡೆಗೆ ಸಿಹಿ ಸವರಿ ಕರಡಿಯನ್ನು ಕರೆಯುತ್ತಾರೆ, ಕ್ರೂಗರಿನಲ್ಲಿ ಯಾರೂ ಏನನ್ನೂ ಕರೆಯುವುದಿಲ್ಲ, ಕಾಯುವುದು ಅದಕ್ಕಿಂತ ಉದ್ದ ಎಂದು ಹೋಗುವ ಮುಂಚೆಯೇ ತಿಳಿಸಿಡಿ.