ಬಡಿಗೇರ ಕಾಕಾನ ಹೆಬ್ಬೆರಳು

ಗುರುತು ಸಿಗಬಾರದು ಅಂತ ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನನ್ನ ಹತ್ತಿರ ಸಲಹೆಗೆ ಅಂತ ಮೊದಲು ಬಂದವರು ಕಾಕಾ ಅಲ್ಲ, ಅವರ ಹೆಂಡತಿ. ಬೆಳಗಾವಿ ಜಿಲ್ಲೆಯ ಮಲಪ್ರಭಾ ದಂಡೆಯ ಒಂದು ಊರು. ಗಂಡ ಬಡಿಗೇರ, ವಯಸ್ಸು 58. "ಮೂರು ತಿಂಗಳಾತ್ರಿ, ಮನ್ಯಾಗ ಯಾರ ಕೂಡಾನೂ ಮಾತಿಲ್ಲ. ನಸುಕಿನ್ಯಾಗ ನಾಕಕ್ಕ ಎದ್ದು ಹೊರಗ ಹೋಗ್ತಾರ. ಯಾಕಂತ ಕೇಳಿದ್ರ ಸಿಟ್ಟು" ಅಂದರು. ಕುಡಿತ ಇರಬಹುದು ಅಂತ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಸಾಲನ್ನು ಆಮೇಲೆ ನಾಚಿಕೆಯಿಂದ ಹೊಡೆದುಹಾಕಿದೆ.

ಮುಂದಿನ ವಾರ ಕಾಕಾ ಬಂದರು. ಟವೆಲ್ಲಿನ ಕೆಳಗೆ ಎರಡೂ ಕೈ ಇಟ್ಟುಕೊಂಡು ಕೂತರು. ಚಹಾ ಕೊಟ್ಟಾಗ ಕಪ್ಪನ್ನು ಹಿಡಿಕೆಯಲ್ಲಿ ಹಿಡಿಯಲಿಲ್ಲ, ಎರಡು ಅಂಗೈ ನಡುವೆ ಹಿಡಿದರು. ಅಲ್ಲಿಂದ ಮಾತು ಶುರುವಾಯಿತು. ಎರಡು ವರ್ಷದಿಂದ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು. ಮೆಡಿಕಲ್ ಅಂಗಡಿಯಿಂದ ದಿನಾ ಒಂದು ನೋವಿನ ಗುಳಿಗೆ. ಬಾಗಿಲು ನುಣುಪು ಮಾಡಲು ಪಾಲಿಶ್ ಪೇಪರ್ (ಉಜ್ಜುಕಾಗದ) ತಿಕ್ಕುವಾಗ ಜೀವ ಹೋಗುತ್ತದೆ. ಹಗಲು ತಿಕ್ಕಿದರೆ ಮಗ, ಗಿರಾಕಿಗಳು ನೋಡುತ್ತಾರೆ. ಹೀಗಾಗಿ ನಸುಕಿನಲ್ಲಿ ಒಬ್ಬರೇ ತಿಕ್ಕುತ್ತಿದ್ದರು.

"ನೋವಿನ ಮಾತು ಹೊರಗ ಬಿದ್ರ ಯಾರು ಕೆಲಸ ಕೊಡ್ತಾರ್ರೀ ಅಕ್ಕಾರ?"

ಮಗ ಕಟ್ಟಿಗೆ ತಿಕ್ಕುವ ಒಂದು ಸ್ಯಾಂಡಿಂಗ್ ಮಷೀನ್ ತಂದಿದ್ದ. "ಅಪ್ಪಾ, ನೀ ಇನ್ನ ಸುಮ್ನ ಕುಂದರು" ಅಂದಿದ್ದ. ಪ್ರೀತಿಯಿಂದಲೇ ಅಂದದ್ದು. ಮಾತು ನಿಂತದ್ದು ಅವತ್ತಿನಿಂದ.

ಇಲ್ಲಿ ನಾನೂ ಒಂದು ಎಡವಟ್ಟು ಮಾಡಿದೆ. "ಮಷೀನ್ ಒಮ್ಮೆ ಬಳಸಿ ನೋಡಬಹುದಲ್ವಾ ಕಾಕಾ?" ಅಂದೆ. ಅವರು ಟವೆಲ್ ಸರಿಮಾಡಿಕೊಂಡು ಎದ್ದರು. ಮುಂದಿನ ಭೇಟಿಗೆ ಬರಲೇ ಇಲ್ಲ. ಮಗ ಹೇಳಿದ್ದನ್ನೇ ನಾನೂ ಹೇಳಿದ್ದೆ, ಸ್ವಲ್ಪ ಮೆತ್ತಗೆ ಅಷ್ಟೇ.

ಫೋನ್ ಮಾಡಿ ತಪ್ಪಾಯಿತು ಅಂದೆ. ಬರುವಾಗ ಒಂದು ಸಾಗವಾನಿ ತುಂಡು, ಪಾಲಿಶ್ ಪೇಪರ್ ತನ್ನಿ, ಕೆಲಸ ಹೇಗೆ ಮಾಡ್ತೀರಿ ನನಗೆ ತೋರಿಸಿ ಅಂದೆ. ಬಂದರು. ಪೇಪರನ್ನು ಮೂರು ಮಡಿಕೆ ಮಾಡಿ, ಹೆಬ್ಬೆರಳು ಮತ್ತು ಎರಡು ಬೆರಳಿನ ನಡುವೆ ಚಿಮುಟಿ ಹಿಡಿದರು. ಉಗುರು ಬೆಳ್ಳಗಾಯಿತು. ಪೇಪರ್ ನೋಡಿದರೆ ಹರಳೇ ಉಳಿದಿರಲಿಲ್ಲ. "ಇನ್ನೂ ನಾಕ್ ದಿನ ಬರ್ತದ್ರಿ" ಅಂದರು. ಸವೆದ ಪೇಪರಿಗೆ ಜಾಸ್ತಿ ಒತ್ತಬೇಕು. ಒತ್ತಿದಷ್ಟೂ ಹೆಬ್ಬೆರಳಿನ ಬುಡಕ್ಕೆ ಪೆಟ್ಟು. ಬೆರಳ ತುದಿಯಲ್ಲಿ ಹಾಕುವ ಸಣ್ಣ ಒತ್ತಡ ಬುಡದ ಕೀಲಿಗೆ ಹಲವು ಪಟ್ಟಾಗಿ ಮುಟ್ಟುತ್ತದೆ. ನಾಲ್ಕು ಪೇಪರಿನ ದುಡ್ಡು ಉಳಿಸಲು ಹೋಗಿ ಕೀಲು ಸವೆಸುತ್ತಿದ್ದರು.

ಕೈಯ ವಿಷಯದಲ್ಲಿ ನಾನು ಡಾಕ್ಟರ್ ಅಲ್ಲ. ಮೊದಲು ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕಳಿಸಿದೆ. ನಾನು ಎಲ್ಲರಿಗೂ ಕೇಳುವ ಒಂದು ಪ್ರಶ್ನೆ ಇದೆ: ಬೆಳಿಗ್ಗೆ ಎದ್ದ ಮೇಲೆ ಬೆರಳಿನ ಬಿಗಿತ ಬಿಡಲು ಎಷ್ಟು ಹೊತ್ತು? ಒಂದು ತಾಸಿನ ಮೇಲೆ ಹಿಡಿದರೆ, ಎರಡೂ ಕೈಯ ಗೆಣ್ಣು ಊದಿದ್ದರೆ, ಅದು ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್) ಇರಬಹುದು. ಅದನ್ನು ತಡ ಮಾಡಬಾರದು, ಬೇಗ ಔಷಧಿ ಶುರುವಾದರೆ ಕೀಲು ಉಳಿಯುತ್ತದೆ. ಕಾಕಾನಿಗೆ ಇಪ್ಪತ್ತು ನಿಮಿಷ. ಡಾಕ್ಟರ್ ಎಕ್ಸ್‌ರೇ ನೋಡಿ ಸವೆತದ ಸಂಧಿವಾತ ಅಂದರು. ದಿನಾ ನುಂಗುವ ಗುಳಿಗೆ ಹೊಟ್ಟೆ, ಕಿಡ್ನಿ ಎರಡಕ್ಕೂ ಕೆಟ್ಟದ್ದು ಅಂತ ನಿಲ್ಲಿಸಿದರು. ಹಚ್ಚುವ ಜೆಲ್ ಮತ್ತು ಹೆಬ್ಬೆರಳಿಗೆ ಒಂದು ಪಟ್ಟಿ ಕೊಟ್ಟರು.

ಅಂದರೆ ಕಾಕಾ ಕದ್ದು ಕೆಲಸ ಮಾಡಲು ಆರಿಸಿಕೊಂಡಿದ್ದು ಬೆರಳು ಅತಿ ಬಿಗಿಯಾಗಿರುವ ಹೊತ್ತನ್ನೇ! ಅದೂ ಬೆಳಗಾವಿಯ ನಸುಕಿನ ಚಳಿಯಲ್ಲಿ. ಇದನ್ನು ಹೇಳಿದಾಗ ಮೊದಲ ಸಲ ನಕ್ಕರು.

ನನ್ನ ಮೊದಲ ಸಲಹೆ ಅದೇ ಆಯಿತು. ತಿಕ್ಕುವ ಕೆಲಸ ಬೆಳಗಿನ ಹನ್ನೊಂದರ ಮೇಲೆ. ಅದಕ್ಕೂ ಮುಂಚೆ ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಕೈ. ಹದಿನೈದು ನಿಮಿಷ ತಿಕ್ಕಿದರೆ ಐದು ನಿಮಿಷ ಬಿಡುವು, ನೋವು ಬರುವ ಮುಂಚೆಯೇ. ಬಿಡುವು ಅಂದಾಗ ಮುಖ ಸಣ್ಣದಾಯಿತು. "ಅಮಾವಾಸ್ಯೆಗೆ ಹತ್ಯಾರಕ್ಕ ರಜಾ ಕೊಡ್ತಾರ್ರಿ, ಪೂಜಿನೂ ಮಾಡ್ತಾರ. ಕೈ ಏನ್ ಹತ್ಯಾರ ಅಲ್ಲೇನ್ರಿ?" ಅಂದರು ಕಾಕು, ಅಂದರೆ ಕಾಕಾನ ಹೆಂಡತಿ. ಅದಕ್ಕಿಂತ ಚೆನ್ನಾಗಿ ನಾನು ಹೇಳಲು ಆಗುತ್ತಿರಲಿಲ್ಲ.

ಹಿಡಿತದ ವಿಷಯಕ್ಕೆ ನಾನು ಹೇಳಿದ್ದು ಇಷ್ಟೇ: ಚಿಮುಟಬೇಡಿ, ಅಂಗೈಯಿಂದ ತಳ್ಳಿ, ಭುಜದಿಂದ ಬಲ ಬರಲಿ. ಉಳಿದದ್ದು ಅವರದೇ ಬುದ್ಧಿ. ಗೌಂಡಿಗಳು ಗಿಲಾವು ಸವರುವ ಮರದ ಗುರಮಾಲಾ ಇರುತ್ತದಲ್ಲ, ಹಳೆಯದೊಂದು ತಂದರು. ತಳಕ್ಕೆ ಹವಾಯಿ ಚಪ್ಪಲಿಯ ರಬ್ಬರ್ ಅಂಟಿಸಿ, ಅದರ ಮೇಲೆ ಪೇಪರ್ ಹಚ್ಚಿದರು. ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದರು. ದಪ್ಪ ಹಿಡಿಕೆಗೆ ಬೆರಳು ಪೂರಾ ಮಡಚಬೇಕಿಲ್ಲ. ಮೇಲೆ ಹಳೆ ಬೆಲ್ಟಿನ ಒಂದು ಪಟ್ಟಿ, ಕೈ ಅದರೊಳಗೆ ಸುಮ್ನೆ ತೂರಿಸಿದರೆ ಸಾಕು. ನೆಲದಲ್ಲಿ ಕೂತು ಎಡಗೈಯಲ್ಲಿ ಕಟ್ಟಿಗೆ ಒತ್ತಿ ಹಿಡಿಯುವುದನ್ನೂ ಬಿಟ್ಟರು. ಮೊಣಕೈ ಎತ್ತರದ ಮೇಜು, ಅದರ ಮೇಲೆ ಹಲಗೆ ಜಾರದಂತೆ ಹೊಡೆದ ಒಂದು ಅಡ್ಡಪಟ್ಟಿ.

ತೊಟ್ಟಿಲಿನ ದುಂಡನೆ ಕೋಲುಗಳಿಗೆ ಇದು ಆಗದು. ಅದಕ್ಕೆ ಬಟ್ಟೆ ಬೆನ್ನಿನ ಪೇಪರಿನ ಉದ್ದ ಪಟ್ಟಿ ಹರಿದು, ಎರಡು ತುದಿಗೂ ಹಗ್ಗದ ಕುಣಿಕೆ ಹಾಕಿ ಮಣಿಕಟ್ಟಿಗೆ ಸಿಕ್ಕಿಸಿಕೊಂಡು, ಮಜ್ಜಿಗೆ ಕಡೆಯುವ ಹಾಗೆ ಎಳೆಯುತ್ತಾರೆ. ಹೀಗೆ ಅಡ್ಡ ತಿಕ್ಕಿದ ಗೆರೆ ಉಳಿಯುತ್ತದೆ, ಕೊನೆಗೆ ಕಟ್ಟಿಗೆಯ ಎಳೆಯ ಗುಂಟ ಹಗುರವಾಗಿ ಒಮ್ಮೆ ತಿಕ್ಕಬೇಕು ಅಂತ ನನಗೇ ಪಾಠ ಮಾಡಿದರು. ಗಾಜಿನ ಚೂರಿನಿಂದ ಕೆರೆಯುವ ಕೆಲಸದಲ್ಲಿ ಅವರದು ಎತ್ತಿದ ಕೈ, ಆದರೆ ಅಷ್ಟು ಬಿಗಿಯಾಗಿ ಚಿಮುಟುವ ಕೆಲಸ ಇನ್ನೊಂದಿಲ್ಲ. ಅದನ್ನು ಮಗನಿಗೆ ಬಿಟ್ಟುಕೊಟ್ಟರು, ತುಸು ಬೇಜಾರಿನಲ್ಲೇ.

ಮೂವರನ್ನೂ ಕೂರಿಸಿ ಮಾತಾಡಿದ್ದು ನಾಲ್ಕನೇ ಭೇಟಿಯಲ್ಲಿ. ಮಷೀನ್ ಕೂಡ ಕಾಕಾನಿಗೆ ಹೊಂದಲಿಲ್ಲ, ನಡುಕಕ್ಕೆ ಹತ್ತು ನಿಮಿಷದಲ್ಲಿ ಕೈ ಜುಮ್ಮೆನ್ನುತ್ತಿತ್ತು. ಅದು ಹಠ ಅಲ್ಲ ಅಂತ ಮಗನಿಗೆ ಅವತ್ತೇ ಗೊತ್ತಾದದ್ದು. 80 ಮತ್ತು 120ರ ಒರಟು ಪೇಪರ್ ಮಗ ಮಷೀನಿನಲ್ಲಿ ಹಿಡಿಯಬೇಕು, 180 ಮತ್ತು 220ರ ನಯವಾದ ಪೇಪರ್ ಅಪ್ಪ ಗುರಮಾಲಾದಲ್ಲಿ ಅಂತ ಮಾತಾಯಿತು. ಮಗನಿಗೆ ನಾನು ಒಂದು ಪ್ರಶ್ನೆ ಕೇಳಿದೆ: "ಬಾಗಿಲು ನುಣುಪಾಗಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತಪ್ಪಾ?" ಅವನು ಹೇಳಿದ, "ಅಪ್ಪ ಕಣ್ಣ ಮುಚ್ಚಿ ಅಂಗೈ ಆಡಸ್ತಾನ್ರಿ. ಅಂವಾ ಹೂಂ ಅಂದ್ರ ಆತು." ಕಾಕಾ ಕಿಟಕಿಯ ಕಡೆ ನೋಡುತ್ತಿದ್ದರು. ತಿಕ್ಕುವ ಕೈ ಸೋತರೆ ತಾನೇ ಮುಗಿದೆ ಅಂದುಕೊಂಡಿದ್ದವರು ಅವರು. ಸವರಿ ನೋಡುವ ಕೈಗೆ ನೋವೇನೂ ಆಗಿರಲಿಲ್ಲ.

ನೋವು ಪೂರ್ತಿ ಹೋಗಿಲ್ಲ. ಹೆಬ್ಬೆರಳಿನ ಪಟ್ಟಿಯನ್ನು ಈಗಲೂ ಗಿರಾಕಿ ಬಂದರೆ ಕಿಸೆಗೆ ಹಾಕಿಕೊಳ್ಳುತ್ತಾರೆ. ಅದರ ಬಗ್ಗೆ ಇನ್ನೂ ಮಾತಾಡುವುದಿದೆ. ಕಳೆದ ತಿಂಗಳು ಬಂದಾಗ ಬರೀ ದೂರು: "ಮಷೀನ್ ಹಿಡದ್ರ ಕಟಗಿ ಮ್ಯಾಲ ಸುಳಿ ಸುಳಿ ಬಿಡ್ತಾನ್ರಿ ಮಗ. ಒತ್ತಬ್ಯಾಡೋ, ಅದರ ಪಾಡಿಗೆ ಅದು ಓಡಲಿ ಅಂದ್ರ ತಿಳಿಯೂದಿಲ್ಲ."

ಹೊರಡುವಾಗ ಕಾಕು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಈಗ ಮಾತಾಡ್ತಾರ್ರಿ ಅಕ್ಕಾರ. ದಿನಾ ಬೈತಾರ."