ಅಣ್ಣಿಗೇರಿ ದಾಟಿದ ಮೇಲೆ

ಗುರುತು ಸಿಗುವ ವಿವರಗಳನ್ನು ಬದಲಿಸಿ, ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗದಗ-ಬೆಟಗೇರಿಯ 36 ವರ್ಷದ ಹೆಣ್ಣುಮಗಳು. ದಿನವೂ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಂಗಡಿಯೊಂದರ ಲೆಕ್ಕ ಬರೆಯುವ ಕೆಲಸ. ಒಂದು ಬೆಳಿಗ್ಗೆ ಅಣ್ಣಿಗೇರಿ ದಾಟುತ್ತಿದ್ದಂತೆ ಎದೆ ಹೊಡೆದುಕೊಂಡಿತು, ಬೆರಳು ಜೋಮು ಹಿಡಿಯಿತು, ಉಸಿರು ಸಿಕ್ಕಿಕೊಂಡಿತು. ಸತ್ತೇ ಹೋದೆ ಎಂದುಕೊಂಡರಂತೆ. ಇಸಿಜಿ, ರಕ್ತಪರೀಕ್ಷೆ ಎಲ್ಲ ಸರಿಯಾಗಿದ್ದವು. ಅಂದಿನಿಂದ ಬಸ್ ಹತ್ತಿರಲಿಲ್ಲ.

ಸಲಹೆಗೆಂದು ನನ್ನ ಬಳಿ ಬಂದಾಗ ಆಕೆಯನ್ನು ಬಸ್ಸಿಗಿಂತ ಹೆಚ್ಚು ಕಾಡುತ್ತಿದ್ದದ್ದು ಒಂದು ಮಾತು. ಆಕೆಯ ಕ್ರೈಸ್ತ ಸಭೆಯ ಪ್ರಾರ್ಥನಾಕೂಟದ ಹಿರಿಯರೊಬ್ಬರು 'ನಿನ್ನದು ಅಲ್ಪವಿಶ್ವಾಸ' ಎಂದಿದ್ದರು. ಭಯ ಒಂದು ಪಾಲಾದರೆ, ಭಯಪಟ್ಟೆನೆಂಬ ಅಪರಾಧಭಾವ ಎರಡು ಪಾಲು. ಇಂಥ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ದಿನ ನುಂಗಿಕೊಂಡೆ.

ನಾನು ಲಿಂಗಾಯತರ ಮನೆಯವನು, ಓದಿದ್ದು ಧಾರವಾಡದ ಬಾಸೆಲ್ ಮಿಷನ್ ಶಾಲೆಯಲ್ಲಿ. ಬೈಬಲಿನ ಹಳೆಯ ಒಡಂಬಡಿಕೆಯ ಕಥೆಗಳು ಅಷ್ಟಿಷ್ಟು ನೆನಪಿದ್ದವು. ಎಲೀಯನ ಕಥೆಯನ್ನು ನೀವೇ ಹೇಳಿ ಎಂದೆ. ರಾಣಿ ಈಜೆಬೆಲಳ ಬೆದರಿಕೆಗೆ ಪ್ರವಾದಿ ಅಡವಿಗೆ ಓಡಿದ್ದು, ಗಿಡದ ಕೆಳಗೆ ಕುಳಿತು ಸಾವು ಬೇಡಿದ್ದು, ದೂತನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟದ್ದು, ಎಲ್ಲ ಹೇಳಿದರು.

'ದೂತನು ಬೈದನೇ?' ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದರು. 'ಇಲ್ಲ. ಇವನು ಮತ್ತೆ ಮಲಗಿದ. ಅವನು ಮತ್ತೆ ಎಬ್ಬಿಸಿ ಉಣ್ಣಲು ಹೇಳಿದ.'

ಯೇಸು ಬಂಧನಕ್ಕೆ ಮುಂಚೆ ಪ್ರಾರ್ಥಿಸಿದ ಗೆತ್ಸೆಮನೆ ತೋಟದ ಮಾತನ್ನು ತೆಗೆದದ್ದು ಆಕೆಯೇ. ಯೇಸು ಕೂಡ ಆ ರಾತ್ರಿ ಕಳವಳಪಟ್ಟು, ಎಚ್ಚರವಾಗಿರಿ ಎಂದು ಮೂವರು ಶಿಷ್ಯರನ್ನು ಕೇಳಿಕೊಂಡನಲ್ಲವೇ? 'ಹೆದರಬೇಡ' ಎನ್ನುವುದು ಆಗಲೇ ಹೆದರಿದವರಿಗೆ ಹೇಳುವ ಮಾತು, ಆರೋಪಪಟ್ಟಿಯಲ್ಲ ಎಂದು ನಾನು ಸೇರಿಸಿದೆ. ನಮ್ಮ ಕಡೆಯ ಹೊಲಗಳಲ್ಲಿ ಕುರಿ ತರುಬುವವರು ಬೆದರಿದ ಕುರಿಯನ್ನು ಬೆದರಿದ್ದಕ್ಕಾಗಿ ಹೊಡೆಯುವುದಿಲ್ಲ.

ಸಲಹೆ ಸರಳವಾಗಿತ್ತು. ಇಂಥ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ತಾನಾಗಿಯೇ ಇಳಿಯುತ್ತದೆ. ಅಷ್ಟರಲ್ಲಿ ಬಸ್ಸಿನಿಂದ ಇಳಿದುಬಿಟ್ಟರೆ, ಇಳಿದದ್ದರಿಂದಲೇ ಬದುಕಿದೆ ಎಂದು ಮನಸ್ಸು ಕಲಿತುಬಿಡುತ್ತದೆ. ಹಾಗಾಗಿ ಕುಳಿತೇ ಇರಬೇಕು. ಬೈಬಲಿನ 23ನೆಯ ಕೀರ್ತನೆಯ ಒಂದೊಂದು ಸಾಲಿಗೆ ಒಂದೊಂದು ನಿಧಾನದ ಉಸಿರು. ಮೊದಲ ವಾರ ಗದಗ ನಿಲ್ದಾಣದಲ್ಲಿ ನಿಂತ ಬಸ್ಸಿನಲ್ಲಿ ಸುಮ್ಮನೆ ಕೂರುವುದು, ಆಮೇಲೆ ಹುಲಕೋಟಿಯವರೆಗೆ, ಆಮೇಲೆ ಅಣ್ಣಿಗೇರಿಗೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನೂ ಕಾಣಲು ಹೇಳಿದೆ. ಮಾತ್ರೆ ನುಂಗಿದರೆ ವಿಶ್ವಾಸ ಕರಗುವುದೇ ಎಂದು ಕೇಳಿದರು. ಎಲೀಯನ ರೊಟ್ಟಿಯನ್ನು ನೆನಪಿಸಿದೆ. ಜೊತೆಗೆ ಸಭೆಯ ಗೆಳತಿಯೊಬ್ಬಳು ಬರಲಿ, ಆದರೆ ಆ ಮೂವರು ಶಿಷ್ಯರಂತೆ ನಿದ್ದೆ ಹೋಗುವವಳು ಬೇಡ ಎಂದಾಗ ಮೊದಲ ಸಲ ನಕ್ಕರು.

ನಡುವೆ ಎರಡು ವಾರ ಹುಲಕೋಟಿಗಿಂತ ಮುಂದೆ ಹೋಗಲಾಗಲಿಲ್ಲ. ಒಂಬತ್ತನೆಯ ವಾರ ಫೋನ್ ಬಂತು. ಒಬ್ಬರೇ ಹೊರಟಿದ್ದರಂತೆ. ಅಣ್ಣಿಗೇರಿ ದಾಟಿದ ಮೇಲೆ ಬೆರಳು ಜೋಮು ಹಿಡಿದದ್ದು ನಿಜ. ಕೀರ್ತನೆಯ ಎರಡು ಸಾಲು ಆಗುವಷ್ಟರಲ್ಲಿ ಕಂಡಕ್ಟರ್ ಚಿಲ್ಲರೆ ಉಳಿಸಿಕೊಂಡದ್ದು ನೆನಪಾಗಿ ಅವನೊಡನೆ ಜಗಳಕ್ಕೆ ನಿಂತರು. ಮುಗಿಯುವ ಹೊತ್ತಿಗೆ ನಲವಡಿ ಊರೂ ಹಿಂದೆ ಬಿದ್ದಿತ್ತು.