ಶಿವಮೊಗ್ಗದಿಂದ ಎರಡು ದಿನಕ್ಕೆ ಕಡಲು ನೋಡಲು: ಹೊನ್ನಾವರದಲ್ಲೇ ಉಳಿದುಕೊಳ್ಳಿ

ಶನಿವಾರ ಬೆಳಿಗ್ಗೆ ಶಿವಮೊಗ್ಗ ಬಿಟ್ಟು ಭಾನುವಾರ ರಾತ್ರಿ ವಾಪಸ್, ಐದು ಜನ ಗೆಳೆಯರು, ಒಂದೇ ಕಾರು, ನವೆಂಬರ್ ತಿಂಗಳು. ಇಷ್ಟರಲ್ಲಿ ಗೋಕರ್ಣ, ಮುರುಡೇಶ್ವರ, ಉಡುಪಿ ಮೂರೂ ಆಗುತ್ತಾ ಅಂತ ಕೇಳಿದ್ದೀರಿ. ಬೇಡ. ಗೋಕರ್ಣ ಒಂದು ತುದಿ, ಉಡುಪಿ ಇನ್ನೊಂದು ತುದಿ, ನಡುವೆ 170 ಕಿ.ಮೀ. ಹತ್ತಿರ ಇದೆ. ಮೂರೂ ಊರಿನ ಪಾರ್ಕಿಂಗ್ ನೋಡಿಕೊಂಡು ಬಂದ ಹಾಗೆ ಆಗುತ್ತೆ. ಹೊನ್ನಾವರದಲ್ಲಿ ರೂಮು ಮಾಡಿ. ಮುರುಡೇಶ್ವರ ಅಲ್ಲಿಂದ ಮುಕ್ಕಾಲು ಗಂಟೆ ದಾರಿಯೂ ಇಲ್ಲ. ಉಡುಪಿ, ಗೋಕರ್ಣ ಈ ಸಲಕ್ಕೆ ಬಿಡಿ.

ದಾರಿ ಸುಲಭ. ಸಾಗರ, ಮಾವಿನಗುಂಡಿ, ಗೇರುಸೊಪ್ಪ, ಹೊನ್ನಾವರ. ಒಟ್ಟು 165 ಕಿ.ಮೀ. ಆಸುಪಾಸು. ತಿಂಡಿ ತಿಂದು, ಟೀ ಕುಡಿದು ಹೋದರೂ ನಾಲ್ಕೂವರೆ ಗಂಟೆ ಸಾಕು. ಬೆಳಿಗ್ಗೆ ಐದೂವರೆಗೆ ಹೊರಟರೆ ತಿಂಡಿ ಸಾಗರದಲ್ಲಿ. ಪೆಟ್ರೋಲ್ ಕೂಡ ಅಲ್ಲೇ ತುಂಬಿಸಿಕೊಳ್ಳಿ, ಮುಂದೆ ಬರೀ ಕಾಡು. ಹೋಗುವಾಗ ಜೋಗಕ್ಕೆ ತಿರುಗಬೇಡಿ. ಅರ್ಧ ಗಂಟೆ ಅಂತ ಇಳಿದವರು ಎರಡು ಗಂಟೆ ಕಳೆಯದೆ ಹೊರಡುವುದಿಲ್ಲ. ನೀವು ಶಿವಮೊಗ್ಗದವರು, ಜೋಗ ಯಾವಾಗ ಬೇಕಾದರೂ ನೋಡಬಹುದು ಅಲ್ವಾ?

ಮಾವಿನಗುಂಡಿ ದಾಟಿದ ಮೇಲೆ ಘಾಟಿ ಇಳಿತ ಶುರು. ಐದು ಜನ, ಲಗೇಜು, ಕಾರು ಭಾರ ಇರುತ್ತೆ. ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿದರೆ ಸುಟ್ಟ ವಾಸನೆ ಬರುತ್ತೆ, ಆಮೇಲೆ ಬ್ರೇಕ್ ಹಿಡಿಯುವುದೂ ಕಡಿಮೆ ಆಗುತ್ತೆ. ಎರಡು ಅಥವಾ ಮೂರನೇ ಗೇರಿನಲ್ಲಿ ಇಂಜಿನ್ನೇ ಕಾರನ್ನು ಹಿಡಿಯಲಿ. ನ್ಯೂಟ್ರಲ್ ಅಂತೂ ಬೇಡವೇ ಬೇಡ. ಎದುರಿಂದ ಹತ್ತುವ ಲಾರಿ, ಬಸ್ಸಿಗೆ ಮೊದಲು ದಾರಿ ಬಿಡಿ. ಕಾರು ಓಡಿಸುವವರು ಇಬ್ಬರು ಇರಲಿ. ಶನಿವಾರ ರಾತ್ರಿ ಯಾರಾದರೂ ಕುಡಿಯುವುದಾದರೆ ಆ ಇಬ್ಬರು ಬಿಟ್ಟು ಉಳಿದವರು.

ಹತ್ತು, ಹತ್ತೂವರೆಗೆ ಹೊನ್ನಾವರ. ರೂಮಿಗೆ ಬ್ಯಾಗ್ ಹಾಕಿ, ಶರಾವತಿ ಸೇತುವೆ ದಾಟಿ ಕಾಸರಕೋಡಿಗೆ ಹೋಗಿ. ಅಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ನಡಿಗೆ ದಾರಿ ಇದೆ. ಎಲ್ಲರೂ ಫೋಟೋ ತೆಗೆದು ಹತ್ತು ನಿಮಿಷದಲ್ಲಿ ವಾಪಸ್ ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಕಡಲಿನ ಇಳಿತದ ಹೊತ್ತಲ್ಲಿ ಹೋಗಿ, ಒಂದು ಕಡೆ ಸುಮ್ನೆ ನಿಂತು ಕೆಳಗೆ ನೋಡಿ. ಮೊದಲು ಕೆಸರು ಬಿಟ್ಟು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಒಂದೇ ಕೊಂಡಿ ದೊಡ್ಡದಿರುವ ಸಣ್ಣ ಏಡಿಗಳು ಬಿಲದಿಂದ ಹೊರಗೆ ಬರುತ್ತವೆ. ನೀರಿಲ್ಲದ ಕೆಸರಿನ ಮೇಲೆ ರೆಕ್ಕೆ ಊರಿ ಕುಪ್ಪಳಿಸುವ ಮೀನುಗಳೂ ಕಾಣಬಹುದು. ಉಬ್ಬರದಲ್ಲಿ ಇದೆಲ್ಲ ನೀರಿನಡಿ. ಅದಕ್ಕೇ ಹೋಗುವ ಮುಂಚೆ ಉಬ್ಬರ ಇಳಿತದ ಸಮಯ ಮೊಬೈಲಿನಲ್ಲಿ ನೋಡಿಕೊಳ್ಳಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ, ಹಿಂದಿನ ವಾರದ ಲೆಕ್ಕ ನಡೆಯುವುದಿಲ್ಲ.

ನೀರಿಗೆ ಇಳಿಯುವುದಾದರೆ ಕಾಸರಕೋಡಿನ ಇಕೋ ಬೀಚ್ ಒಳ್ಳೆಯದು. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕ ಬೀಚ್ ಅದು. ಬಟ್ಟೆ ಬದಲಾಯಿಸಲು ಜಾಗ, ಶವರ್, ಶೌಚಾಲಯ ಇವೆ.

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಘಟ್ಟದ ಮೇಲಿನ ನಾವು ಕೆರೆ, ಹೊಳೆಯಲ್ಲಿ ಈಜು ಕಲಿತವರು. ಸಮುದ್ರದಲ್ಲಿ ಆ ಈಜು ಸಾಲದು. ಎರಡೂ ಕಡೆ ಬಿಳಿ ನೊರೆಯ ಅಲೆ ಒಡೆಯುತ್ತಾ, ನಡುವೆ ಒಂದು ಪಟ್ಟಿ ಮಾತ್ರ ಸಮತಟ್ಟಾಗಿ, ಶಾಂತವಾಗಿ ಕಂಡರೆ ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಎಷ್ಟೋ ಸಲ ಅದೇ ಅಪಾಯದ ಜಾಗ. ದಡಕ್ಕೆ ಬಂದ ನೀರು ಆ ಸಂದಿನಲ್ಲೇ ವಾಪಸ್ ಎಳೆಯುತ್ತಿರುತ್ತೆ. ಅದರಲ್ಲಿ ಸಿಕ್ಕರೆ ನೇರ ದಡಕ್ಕೆ ಈಜಬೇಡಿ, ಸುಸ್ತಾಗುತ್ತೀರಿ. ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ಬನ್ನಿ. ಆಗದಿದ್ದರೆ ತೇಲುತ್ತಾ ಕೈ ಎತ್ತಿ. ಗೆಳೆಯನನ್ನು ಎಳೆಯಲು ಇನ್ನೊಬ್ಬ ಬರಿಗೈಲಿ ಹಾರಬಾರದು. ಕೆಂಪು ಬಾವುಟ ಇದ್ದರೆ ಮೊಣಕಾಲು ನೀರಿಗೂ ಇಳಿಯಬೇಡಿ, ಗಾರ್ಡ್ ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ. ಇದನ್ನು ಹೊರಡುವ ಮುಂಚೆಯೇ ಐದೂ ಜನ ಒಪ್ಪಿಕೊಳ್ಳಿ. ದಡದಲ್ಲಿ ನಿಂತು ಹೇಳಿದರೆ ಯಾರೂ ಕೇಳುವುದಿಲ್ಲ.

ಸಂಜೆಗೆ ಅಪ್ಸರಕೊಂಡ ಹತ್ತಿರ. ಗುಡ್ಡದ ಮೇಲಿಂದ ಕಡಲು ಚೆನ್ನಾಗಿ ಕಾಣುತ್ತೆ, ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತೆ, ಐದಕ್ಕೆ ಅಲ್ಲಿರಿ.

ಊಟ: ಹೋಮ್‌ಸ್ಟೇ ಆದರೆ ಮೀನೂಟ ಬೇಕು ಅಂತ ಹಿಂದಿನ ದಿನವೇ ಹೇಳಿ. ಯಾವ ಮೀನು ಅಂತ ಹಟ ಬೇಡ. ಅವತ್ತು ಬಂದಿದ್ದೇ ರುಚಿ, ಬಂಗುಡೆಯಾದರೂ ಸರಿ. ಕಾರ್ತಿಕ ಮಾಸ ಅಂತ ಮೀನು ಬಿಟ್ಟವರು ನಿಮ್ಮಲ್ಲಿ ಇದ್ದರೆ ಅದನ್ನೂ ಮೊದಲೇ ತಿಳಿಸಿ. ರೂಮಿನ ರೇಟು ತಲೆಗೋ ರೂಮಿಗೋ ಅಂತ ಬಾಯಿಬಿಟ್ಟು ಕೇಳಿ. ಖರ್ಚಿನ ದುಡ್ಡು ಒಬ್ಬರ ಕೈಯಲ್ಲಿರಲಿ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ಮುರುಡೇಶ್ವರ. ತಡವಾದರೆ ಗೋಪುರದ ಲಿಫ್ಟಿಗೆ ಉದ್ದ ಸಾಲು. 123 ಅಡಿಯ ಶಿವನನ್ನು ಗೋಪುರದ ಮೇಲಿಂದ ನೋಡುವುದೇ ಚೆಂದ, ಹಿಂದೆ ಪೂರ್ತಿ ಕಡಲು. ಬರುವಾಗ ಇಡಗುಂಜಿ ಗಣಪತಿ ಮಾಡಬಹುದು, ಹೆದ್ದಾರಿಯಿಂದ ಸ್ವಲ್ಪ ಒಳಗೆ.

ಮಧ್ಯಾಹ್ನ ಎರಡಕ್ಕೆ ಹೊನ್ನಾವರ ಬಿಡಲೇಬೇಕು. ಬೆಳಕಿರುವಾಗ ಘಾಟಿ ಹತ್ತಿಬಿಡಬಹುದು. ಕತ್ತಲಾದ ಮೇಲೆ ಆ ಕಾಡಿನ ತಿರುವುಗಳಲ್ಲಿ ದನ ಮಲಗಿದ್ದರೂ ಕಾಣುವುದಿಲ್ಲ. ಕಾರನ್ನು ಮರಳಿಗೆ ಇಳಿಸಬೇಡಿ, ಚಕ್ರ ಹೂತುಹೋಗುತ್ತೆ. ಊರಿಗೆ ಬಂದ ಮೇಲೆ ಅಡಿಭಾಗಕ್ಕೆ ಒಂದು ಸಲ ನೀರು ಹೊಡೆಸಿ, ಉಪ್ಪು ಉಳಿದರೆ ತುಕ್ಕು ಹಿಡಿಯುತ್ತೆ.